ಹನ್ನೊಂದು ಸಾಲಿಗೆ ಎರಡು ಮಳೆಗಾಲ

ಸ್ವಂತ ಕ್ಲೌಡ್ ಕಟ್ಟಲು ಬಳಸುವ ಓಪನ್‌ಸ್ಟ್ಯಾಕ್ ಎಂಬ ಮುಕ್ತ ತಂತ್ರಾಂಶಕ್ಕೆ ನನ್ನಿಂದ ಸೇರಿದ್ದು ಹನ್ನೊಂದು ಸಾಲು ಕೋಡ್. ಅದಕ್ಕೆ ತಗುಲಿದ್ದು ಎರಡು ಮಳೆಗಾಲ, ಒಂದು ಸುಟ್ಟ ರೌಟರ್, ಐವತ್ತು ಸಾವಿರದ ಮೇಲೆ ರೂಪಾಯಿ. ಆದರೂ ಬರೆಯುತ್ತಿದ್ದೇನೆ. ‘ಶಿರಸಿಯ ತೋಟದ ಮನೆಯಲ್ಲಿ ಕುಳಿತು ಓಪನ್‌ಸ್ಟ್ಯಾಕ್‌ಗೆ ಕೋಡ್ ಕೊಡುವುದು ಆಗುವ ಹೋಗುವ ಮಾತಲ್ಲ, ಬೆಂಗಳೂರಿಗೆ ಬಾ’ ಎಂದಿದ್ದ ಭಾವನೇ ಮೊನ್ನೆ ಫೋನ್ ಮಾಡಿ ನನ್ನ ಸೆಟಪ್ ವಿವರ ಕೇಳಿದ.

ಅದರಲ್ಲಿ ನಾನು ಹಿಡಿದದ್ದು ಕೊಲ್ಲಾ ಆನ್ಸಿಬಲ್ ಎಂಬ ಭಾಗ. ಹೆಸರು ಕೇಳಿ ಅಪ್ಪಯ್ಯ ‘ಯಾರನ್ನು ಕೊಲ್ಲುವುದು?’ ಎಂದಿದ್ದರು. ಕೊಲ್ಲಾ ಎಂದರೆ ಗ್ರೀಕ್ ಭಾಷೆಯಲ್ಲಿ ಅಂಟು. ಓಪನ್‌ಸ್ಟ್ಯಾಕ್‌ನ ಸೇವೆಗಳನ್ನೆಲ್ಲ ಕಂಟೇನರ್‌ಗಳಲ್ಲಿ (ಬೇಕಾದ್ದನ್ನೆಲ್ಲ ಒಳಗಿಟ್ಟುಕೊಂಡ ಪ್ರತ್ಯೇಕ ಡಬ್ಬಿಗಳಲ್ಲಿ) ಹೂಡುವ ಯೋಜನೆ ಇದು.

2023ರ ಜುಲೈನಲ್ಲಿ ಮೊದಲ ತಪ್ಪು. ಗಿಟ್‌ಹಬ್‌ನಲ್ಲಿ ಪುಲ್ ರಿಕ್ವೆಸ್ಟ್ (ನನ್ನ ಬದಲಾವಣೆ ಸೇರಿಸಿಕೊಳ್ಳಿ ಎಂಬ ಕೋರಿಕೆ) ಕಳಿಸಿ ಕಾಫಿ ಕುಡಿಯಲು ಒಳಗೆ ಹೋದೆ. ಬಂದು ನೋಡಿದರೆ ಅದನ್ನು ಯಂತ್ರವೇ ಮುಚ್ಚಿಹಾಕಿತ್ತು. ಅಲ್ಲಿರುವುದು ಬರೀ ಪ್ರತಿಬಿಂಬ, ಕೆಲಸ ನಡೆಯುವುದೆಲ್ಲ ಗೆರಿಟ್ ಎಂಬ ಕೋಡ್ ವಿಮರ್ಶೆಯ ತಾಣದಲ್ಲಿ. ಗೆರಿಟ್‌ಗೆ ಹೋದ ಮೇಲೆ ಇನ್ನೊಂದು ಪೆದ್ದುತನ: ತಿದ್ದುಪಡಿ ಕೇಳಿದಾಗಲೆಲ್ಲ ‘ಅಮೆಂಡ್’ ಮಾಡದೆ, ಅಂದರೆ ಮೊದಲು ಕಳಿಸಿದ್ದನ್ನೇ ತಿದ್ದದೆ, ಹೊಸ ಕಮಿಟ್ (ಬದಲಾವಣೆಯ ದಾಖಲೆ) ಕಳಿಸುತ್ತಿದ್ದೆ. ಪ್ರತಿ ಸಲ ಹೊಸ ಚೇಂಜ್ ಐಡಿ, ಪ್ರತಿ ಸಲ ಹೊಸ ವಿಮರ್ಶೆಯ ಪುಟ. ಒಂದೇ ಪ್ಯಾಚ್ ನಾಲ್ಕು ಕಡೆ ಹರಡಿಕೊಂಡಿತ್ತು. ಒಬ್ಬ ವಿಮರ್ಶಕರು ಬಹಳ ಸೌಜನ್ಯದಿಂದ ‘ಇವುಗಳಲ್ಲಿ ಯಾವುದನ್ನು ನೋಡಲಿ?’ ಎಂದು ಕೇಳಿದರು.

ಆದರೆ ನಿಜವಾದ ಕಾಟ ಕೋಡಿನದಲ್ಲ, ಊರಿನ ಮಳೆಯದು. ಒಂದೇ ಯಂತ್ರದಲ್ಲಿ ಎಲ್ಲ ಹೂಡಲು ಕನಿಷ್ಠ 8 ಜಿಬಿ ಮೆಮೊರಿ, 40 ಜಿಬಿ ಡಿಸ್ಕ್, ಎರಡು ನೆಟ್‌ವರ್ಕ್ ಕಾರ್ಡ್ ಎಂದು ಕೈಪಿಡಿ ಹೇಳುತ್ತದೆ. 8 ಜಿಬಿಯಲ್ಲಿ ಅದು ಏಳುತ್ತದೆ, ಆದರೆ ನಡೆಯುವುದಿಲ್ಲ. ಹುಬ್ಬಳ್ಳಿಯಿಂದ ಹಳೆಯ ಡೆಸ್ಕ್‌ಟಾಪ್ ತಂದೆ, ಇಪ್ಪತ್ತೆರಡು ಸಾವಿರವೋ ಇಪ್ಪತ್ಮೂರೋ. ಮೆಮೊರಿಯನ್ನು 32ಕ್ಕೆ ಏರಿಸಲು ಆರು ಸಾವಿರ, ಎಸ್‌ಎಸ್‌ಡಿಗೆ ನಾಲ್ಕೂವರೆ, ಇನ್ವರ್ಟರ್ ಬ್ಯಾಟರಿ ಬದಲಿಸಲು ಹದಿನೈದು. ಅದಕ್ಕೂ ಮೊದಲು ಜಾಣತನ ತೋರಿಸಲು ಹೋಗಿ ಬಾಡಿಗೆ ಕ್ಲೌಡ್‌ನಲ್ಲಿ ಯಂತ್ರ ಹಿಡಿದಿದ್ದೆ. ಅಡಿಕೆ ಕೊನೆ ಕೊಯ್ಲಿನ ಗಡಿಬಿಡಿಯಲ್ಲಿ ಅದನ್ನು ನಿಲ್ಲಿಸುವುದು ಮರೆತುಹೋಯಿತು. ನಾಲ್ಕು ಸಾವಿರದ ಏಳುನೂರು ಚಿಲ್ಲರೆ ಬಿಲ್ಲು ಬಂತು. ಆ ತಿಂಗಳು ಆಯಿಗೆ ಲೆಕ್ಕ ಹೇಳಿದ್ದು ಬೇರೆಯೇ.

ವಿದ್ಯುತ್ ಹೋಗಿ ಬಂದಾಗಲೆಲ್ಲ ಎರಡು ಅನಾಹುತ. ಎರಡನೆಯ ಕಾರ್ಡಿನ ಬದಲಿಗೆ ನಾನು ಮಾಡಿಕೊಂಡಿದ್ದ ಡಮ್ಮಿ ಇಂಟರ್‌ಫೇಸ್ ರೀಬೂಟ್ ಆದೊಡನೆ ಮಾಯ. ಅದನ್ನು ಯಂತ್ರ ಏಳುವಾಗ ಎಲ್ಲವನ್ನೂ ಶುರುಮಾಡುವ ಸಿಸ್ಟಮ್‌ಡಿಯಲ್ಲಿ ಬರೆದಿಟ್ಟರೆ ಉಳಿಯುತ್ತದೆ ಎಂಬುದು ತಿಳಿಯಲು ಒಂದು ತಿಂಗಳು ಬೇಕಾಯಿತು. ಇನ್ನೊಂದು ಮರಿಯಾಡಿಬಿ ಎಂಬ ದತ್ತಸಂಚಯ. ಸರಿಯಾಗಿ ಮುಚ್ಚದೆ ಹೋದರೆ ಅದರ ಪ್ರತಿಗಳನ್ನು ಒಂದಾಗಿ ಇಡುವ ಗ್ಯಾಲೆರಾ ತಾನಾಗಿ ಏಳುವುದಿಲ್ಲ, ‘ಮರಿಯಾಡಿಬಿ ರಿಕವರಿ’ ಎಂಬ ಆಜ್ಞೆ ಓಡಿಸಬೇಕು. ಆ ಆಷಾಢದಲ್ಲಿ ಅದನ್ನು ನಾನು ನಿತ್ಯದ ಸಂಧ್ಯಾವಂದನೆಗಿಂತ ನಿಯಮವಾಗಿ ಮಾಡಿದ್ದೇನೆ.

ಮೂರನೆಯ ಕಾಟ ಇಮೇಜ್, ಅಂದರೆ ಕಂಟೇನರ್ ಏಳಲು ಬೇಕಾದ ಸಿದ್ಧ ಕಡತ, ಇಳಿಸುವುದು. ಹತ್ತು ಜಿಬಿಯ ಮೇಲಿರುತ್ತದೆ. ಇಮೇಜಿನ ಒಂದು ಪದರ ಅರ್ಧ ಇಳಿದಿರುವಾಗ ಸಂಪರ್ಕ ಕಡಿದರೆ ಆ ಪದರ ಮತ್ತೆ ಮೊದಲಿನಿಂದ. ಇಲ್ಲಿಯೇ ನನ್ನ ದಾರಿ ಸಿಕ್ಕಿತು: ಮನೆಯಲ್ಲಿಯೇ ಒಂದು ರಿಜಿಸ್ಟ್ರಿ, ಇಮೇಜುಗಳ ಉಗ್ರಾಣ. ಮಳೆ ಬಿಡುವು ಕೊಟ್ಟ ರಾತ್ರಿ ಎರಡು ಗಂಟೆಯಿಂದ ಬೆಳಗಿನ ಐದರವರೆಗೆ ಬೇಕಾದ ಇಮೇಜುಗಳನ್ನಷ್ಟೇ ಅದಕ್ಕೆ ತುಂಬಿಸುವುದು, ಪೈಥಾನ್ ಪ್ಯಾಕೇಜುಗಳನ್ನೂ ಹಾಗೆಯೇ. ಆಮೇಲೆ ಇಡೀ ದಿನ ಹೊರಗಿನ ಸಂಪರ್ಕವಿಲ್ಲದೆ ಡಿಪ್ಲಾಯ್ ಮಾಡಿ ಕೆಡವಿ ಮತ್ತೆ ಮಾಡುವುದು. ಮೊದಲು ಒಂದು ಪ್ರಯೋಗಕ್ಕೆ ಅರ್ಧ ದಿನ ಹೋಗುತ್ತಿತ್ತು. ಈಗ ಮೂವತ್ತೈದು, ನಲವತ್ತು ನಿಮಿಷ. ಬೆಂಗಳೂರಿನ ಭಾವನಿಗೂ ಇಷ್ಟು ವೇಗ ಇಲ್ಲ, ಕೇಳಿ ನೋಡಿದ್ದೇನೆ. ಯಾವ ಇಮೇಜುಗಳನ್ನು ಬಿಟ್ಟರೂ ಕೆಲಸ ನಡೆಯುತ್ತದೆ ಎಂಬ ಪಟ್ಟಿ ಮಾತ್ರ ನನ್ನ ಹತ್ತಿರವೇ ಇರಲಿ.

ನಡುವೆ ಒಂದು ಹುಚ್ಚು. ಮಳೆಗಾಲದ ಥಂಡಿಗೆ ಮೆಮೊರಿ ಕಡ್ಡಿಗಳ ತುದಿ ಕಪ್ಪಾಗಿ ಯಂತ್ರ ಬೀಪ್ ಎನ್ನುತ್ತಿತ್ತು. ಬಚ್ಚಲೊಲೆಯ ಮೇಲಿನ ಅಟ್ಟದಲ್ಲಿ ಅಡಿಕೆ ಒಣಗುತ್ತದೆ ಎಂದ ಮೇಲೆ ಕಂಪ್ಯೂಟರ್ ಏಕೆ ಒಣಗಬಾರದು ಎಂದು ಅಲ್ಲಿಗೇ ಏರಿಸಿದೆ. ಒಂದು ವಾರ ಬಹಳ ಚೆನ್ನಾಗಿ ಓಡಿತು. ಎರಡನೆಯ ವಾರ ಫ್ಯಾನ್ ನಿಂತಿತು. ಬಿಚ್ಚಿದರೆ ಒಳಗೆಲ್ಲ ಇಲ್ಲಣ. ಈಗ ಅದು ದೇವರ ಕೋಣೆಯ ಪಕ್ಕದಲ್ಲಿದೆ, ಕಡ್ಡಿಗಳನ್ನು ತಿಂಗಳಿಗೊಮ್ಮೆ ಪೆನ್ಸಿಲ್ ರಬ್ಬರಿನಿಂದ ಉಜ್ಜುತ್ತೇನೆ.

2024ರ ಮಾರ್ಚ್‌ನಲ್ಲಿ, ಮಾರಿಕಾಂಬಾ ಜಾತ್ರೆಯ ಹೊತ್ತಿಗೆ, ಪ್ಯಾಚ್ ಒಂದು ಹದಕ್ಕೆ ಬಂದಿತ್ತು. ದೊಡ್ಡದೇನಲ್ಲ, ಪ್ರೀಚೆಕ್ (ಹೂಡುವ ಮೊದಲಿನ ತಪಾಸಣೆ) ಸೋತಾಗ ಸೆಟ್ಟಿಂಗಿನ ಯಾವ ಚರವನ್ನು ತಿದ್ದಬೇಕು ಎಂದು ಸಂದೇಶದಲ್ಲಿಯೇ ಹೇಳುವುದು. ಊರೆಲ್ಲ ಪೇಟೆಯಲ್ಲಿ, ನಾನು ಪ್ಯಾಚ್‌ಗಳನ್ನು ತಾನೇ ಪರೀಕ್ಷಿಸುವ ತಂತ್ರಾಂಶ ಜೂಲ್‌ನ ಕೆಂಪು ಅಕ್ಷರಗಳ ಮುಂದೆ. ಏಪ್ರಿಲ್‌ನಲ್ಲಿ ಸಿಡಿಲು ರೌಟರನ್ನು ತಿಂದಿತು, ಎರಡು ಸಾವಿರ. ಬಿಡುಗಡೆ ಟಿಪ್ಪಣಿ ಇಲ್ಲವೆಂದು ಒಂದು ‘ಮೈನಸ್ ಒಂದು’ (ತಿದ್ದಬೇಕು ಎಂಬ ಮತ), ಸಾಲಿನ ಕೊನೆಯಲ್ಲಿ ಖಾಲಿ ಜಾಗವಿದೆಯೆಂದು ಬರವಣಿಗೆಯ ತಪ್ಪು ಹುಡುಕುವ ಲಿಂಟರ್‌ನಿಂದ ಇನ್ನೊಂದು. ನನ್ನ ಕೋಡಿಗೆ ಸಂಬಂಧವೇ ಇಲ್ಲದ ಪರೀಕ್ಷೆ ಬಿದ್ದಾಗ ಸುಮ್ಮನೆ ‘ರೀಚೆಕ್’ (ಮತ್ತೆ ಪರೀಕ್ಷಿಸು) ಎಂದು ಬರೆದು ಬೈಸಿಕೊಂಡೆ. ಏಕೆ ಬಿತ್ತು ಎಂಬ ಕಾರಣವನ್ನೂ ಜೊತೆಗೆ ಬರೆಯಬೇಕು. ಆಮೇಲಿನಿಂದ ಪರೀಕ್ಷೆಯ ಲಾಗ್ (ದಾಖಲೆ) ಇಳಿಸಿಕೊಂಡು, ವಿದ್ಯುತ್ ಇಲ್ಲದ ಸಂಜೆ ಲ್ಯಾಪ್‌ಟಾಪಿನ ಬ್ಯಾಟರಿಯಲ್ಲಿ ಓದಿ, ಕಾರಣ ಸಮೇತ ಬರೆಯತೊಡಗಿದೆ. ವಿಮರ್ಶಕರ ಧಾಟಿ ಬದಲಾದದ್ದು ಆಗಲೇ. ಯಾವ ವಾರ, ಯಾವ ಹೊತ್ತಿಗೆ ಪ್ಯಾಚ್ ಮುಂದಿಟ್ಟರೆ ಅವರ ಕಣ್ಣಿಗೆ ಬೇಗ ಬೀಳುತ್ತದೆ ಎಂಬುದನ್ನೂ ಕಂಡುಕೊಂಡಿದ್ದೇನೆ. ಅದನ್ನು ಹೇಳಿದರೆ ನನ್ನ ಸರದಿಯೇ ಹಿಂದೆ ಬೀಳುತ್ತದೆ.

ಆಗಸ್ಟ್‌ನ ಒಂದು ರಾತ್ರಿ ವಿಮರ್ಶಕರ ಒಪ್ಪಿಗೆಯ ಮತವಾದ ‘ಪ್ಲಸ್ ಎರಡು’ ಎರಡನೆಯ ಬಾರಿ ಬಂತು, ಜೊತೆಗೆ ಸೇರಿಸಬಹುದು ಎನ್ನುವ ‘ವರ್ಕ್‌ಫ್ಲೋ ಪ್ಲಸ್ ಒಂದು’. ಅಲ್ಲಿ ಮರ್ಜ್ ಒತ್ತುವ ಮನುಷ್ಯರಿಲ್ಲ. ಗೇಟ್ ಎಂಬ ಕೊನೆಯ ಹಂತದಲ್ಲಿ ಜೂಲ್ ಮತ್ತೊಮ್ಮೆ ಎಲ್ಲವನ್ನೂ ಓಡಿಸಿ, ಗೆದ್ದರೆ ತಾನೇ ಸೇರಿಸುತ್ತದೆ. ಸರತಿಯಲ್ಲಿ ಇನ್ನೇನು ನನ್ನದೇ ಎನ್ನುವಾಗ ಕರೆಂಟು ಹೋಯಿತು, ಹಿಂದೆಯೇ ಟವರ್ ಕೂಡ. ಬೆಳಿಗ್ಗೆ ತೋಟದ ಮೇಲಿನ ದರೆ ಹತ್ತಿ ಮೊಬೈಲ್ ಎತ್ತಿ ಹಿಡಿದಾಗ ‘ಮರ್ಜ್ಡ್’ ಎಂದು ಕಂಡಿತು. ಕಾಲಿಗೆ ಉಂಬಳ ಹತ್ತಿದ್ದು ಮನೆಗೆ ಬಂದ ಮೇಲೆ ಗೊತ್ತಾಯಿತು.

ಇದಕ್ಕೆ ಯಾರೂ ಹಣ ಕೊಡುವುದಿಲ್ಲ. ಆದರೆ ಆ ಹನ್ನೊಂದು ಸಾಲು ತೋರಿಸಿ ಒಂದು ಸಣ್ಣ ಕಂಪನಿಯ ಖಾಸಗಿ ಕ್ಲೌಡ್ ಹೂಡುವ ಕೆಲಸ ಸಿಕ್ಕಿತು. ಹಾಕಿದ್ದು ಬಂತು, ಮೇಲೆ ಏಳೆಂಟು ಸಾವಿರ ಉಳಿಯಿತು. ಅದರಲ್ಲಿ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಮೂರು ತರುವ ಯೋಚನೆ ಇತ್ತು; ಬೆಲೆ ನೋಡಿ ಒಂದಕ್ಕೆ ಇಳಿದಿದ್ದೇನೆ. ಭಾವನಿಗೆ ರಿಜಿಸ್ಟ್ರಿ ಹೂಡುವುದನ್ನು ಹೇಳಿಕೊಟ್ಟೆ. ಪಟ್ಟಿ ಕೇಳಿದ. ಲೈನ್ ಕಡಿಯುತ್ತಿದೆ ಎಂದು ಫೋನ್ ಇಟ್ಟೆ.