ಮಿದುಳಿನ ಹೊದಿಕೆಯ ಕೆಳಗೆ (ಸಬ್‌ಅರಕ್ನಾಯ್ಡ್) ರಕ್ತ ಕಂಡಿದೆ. ಅನ್ಯೂರಿಸಂ, ಅಂದರೆ ರಕ್ತನಾಳದ ಗೋಡೆ ಉಬ್ಬಿದ ಗುಳ್ಳೆ, ಇಲ್ಲ, ಸರಿ. ಹಾಗಾದರೆ ರಕ್ತ ಎಲ್ಲಿಂದ ಬಂತು?

ತಲೆಯ ಸಿಟಿ ನೋಡುವಾಗ ನೆತ್ತಿಯ ಭಾಗದ ಕೊನೆಯ ಕೆಲವು ಚಿತ್ರಗಳನ್ನು ಅವಸರದಲ್ಲಿ ದಾಟಿಸಬೇಡಿ ಎಂದು ಕಿರಿಯ ವೈದ್ಯರಿಗೆ ಹೇಳುತ್ತಲೇ ಇರುತ್ತೇನೆ. ಅನ್ಯೂರಿಸಂ ಒಡೆದರೆ ರಕ್ತ ಸಾಮಾನ್ಯವಾಗಿ ಮಿದುಳಿನ ಬುಡದ ಸಿಸ್ಟರ್ನ್‌ಗಳಲ್ಲಿ (ದ್ರವವಿರುವ ಜಾಗಗಳಲ್ಲಿ) ತುಂಬಿಕೊಳ್ಳುತ್ತದೆ. ಬುಡ ಶುಭ್ರವಾಗಿದ್ದು, ಮೇಲ್ಭಾಗದ ಒಂದೆರಡು ಸಲ್ಕಸ್‌ಗಳಲ್ಲಷ್ಟೇ (ಮಿದುಳಿನ ಮಡಿಕೆಗಳ ನಡುವಿನ ಸೀಳುಗಳಲ್ಲಷ್ಟೇ) ರಕ್ತದ ತೆಳುವಾದ ಬಿಳಿ ಗೆರೆ ಕಂಡರೆ ಹುಡುಕಾಟದ ದಾರಿಯೇ ಬೇರೆ.

ಮೊದಲು ತಲೆಗೆ ಪೆಟ್ಟು ಬಿದ್ದಿತ್ತೇ ಎಂದು ರೋಗಿಯನ್ನೂ ಮನೆಯವರನ್ನೂ ಕೇಳಿ. ಇಲ್ಲವೆಂದರೆ ಎಂಆರ್‌ಐ ಮಾಡಿಸಿ. ಅದರಲ್ಲಿ ಫ್ಲೇರ್ ಎಂಬ ಬಗೆಯ ಚಿತ್ರದ ಬಿಳುಪನ್ನು ಮಾತ್ರ ನಂಬಬೇಡಿ. ಮೆನಿಂಜೈಟಿಸ್‌ನಲ್ಲೂ (ಮಿದುಳಿನ ಪೊರೆಯ ಉರಿಯೂತ), ಹೆಚ್ಚು ಆಮ್ಲಜನಕ ಕೊಡುತ್ತಿರುವಾಗಲೂ ಸಲ್ಕಸ್‌ಗಳು ಹಾಗೆಯೇ ಹೊಳೆಯುತ್ತವೆ. ರಕ್ತದ ಕುರುಹನ್ನು ಕಪ್ಪಾಗಿ ತೋರಿಸುವ ಎಸ್‌ಡಬ್ಲ್ಯುಐ ಎಂಬ ಎಂಆರ್‌ಐ ಚಿತ್ರದಲ್ಲಿ ಅದೇ ಜಾಗ ಕಪ್ಪಾಗಿದ್ದರೆ ರಕ್ತವೆಂಬುದಕ್ಕೆ ಬಲ ಬರುತ್ತದೆ.

ಇನ್ನು ವಯಸ್ಸು. ಅರವತ್ತರ ಒಳಗಿನವರಲ್ಲಿ, ಸಿಡಿಲು ಬಡಿದಂಥ ತಲೆನೋವು ಕೆಲವು ದಿನಗಳಲ್ಲಿ ಮತ್ತೆ ಮತ್ತೆ ಬಂದಿದ್ದರೆ, ನನ್ನ ಮೊದಲ ಗುಮಾನಿ ಆರ್‌ಸಿವಿಎಸ್, ಅಂದರೆ ಮಿದುಳಿನ ರಕ್ತನಾಳಗಳು ತಾತ್ಕಾಲಿಕವಾಗಿ ಸಂಕುಚಿತಗೊಳ್ಳುವ ಕಾಯಿಲೆ. ಅದನ್ನು ಪ್ರಚೋದಿಸುವ ಕಾರಣಗಳನ್ನು ಕೇಳಿ: ಇತ್ತೀಚೆಗೆ ಹೆರಿಗೆಯಾಗಿದೆಯೇ? ಮೂಗು ಕಟ್ಟಿದ್ದಕ್ಕೆ, ಮೈಗ್ರೇನ್‌ಗೆ, ಖಿನ್ನತೆಗೆ ಯಾವ ಔಷಧ ತೆಗೆದುಕೊಂಡರು? ಮೊದಲ ವಾರದ ಆಂಜಿಯೋಗ್ರಾಂ ಸಹಜವಾಗಿದ್ದರೂ ಕಡತ ಮುಚ್ಚದೆ, ಕೆಲವು ದಿನ ಬಿಟ್ಟು ಇನ್ನೊಮ್ಮೆ ಮಾಡಿಸಿ.

ಅರವತ್ತು ದಾಟಿದವರ ಕಥೆಯಲ್ಲಿ ತಲೆನೋವೇ ಇರದಿರಬಹುದು. "ಬೆರಳ ತುದಿಯಿಂದ ಜೋಮು ಹತ್ತಿತು, ಮೊಣಕೈಗೆ ಬಂತು, ಆಮೇಲೆ ತುಟಿಯ ಪಕ್ಕಕ್ಕೆ" ಎನ್ನುತ್ತಾರೆ. ಜೋಮು ಹೀಗೆ ನಿಮಿಷಗಳ ಲೆಕ್ಕದಲ್ಲಿ ಹರಿದು ತಾನಾಗಿ ನಿಂತಿದ್ದರೆ ಅಮಿಲಾಯ್ಡ್ ಆಂಜಿಯೋಪತಿಯನ್ನು, ಅಂದರೆ ಮಿದುಳಿನ ರಕ್ತನಾಳಗಳ ಗೋಡೆಯಲ್ಲಿ ಅಮಿಲಾಯ್ಡ್ ಎಂಬ ಪ್ರೋಟೀನ್ ಶೇಖರವಾಗುವ ಕಾಯಿಲೆಯನ್ನು, ನೆನೆಯಿರಿ. ಎಸ್‌ಡಬ್ಲ್ಯುಐನಲ್ಲಿ ಕಾರ್ಟೆಕ್ಸ್‌ನ (ಮಿದುಳಿನ ಹೊರಪದರದ) ಅಂಚಿಗೆ ಹತ್ತಿದ ಹಳೆಯ ರಕ್ತದ ಕಪ್ಪು ಗೆರೆಗಳನ್ನೂ ಮಿದುಳಿನ ಲೋಬ್‌ಗಳಲ್ಲಿ (ಹಾಲೆಗಳಲ್ಲಿ) ಚದುರಿದ ಸಣ್ಣ ಚುಕ್ಕೆಗಳನ್ನೂ ಹುಡುಕಿ. ಈ ಕಾಯಿಲೆಯನ್ನು ಗುರುತಿಸುವ 2022ರ ಪರಿಷ್ಕೃತ ಬಾಸ್ಟನ್ ಮಾನದಂಡಗಳು ಇವನ್ನು ಲೆಕ್ಕಕ್ಕೆ ಹಿಡಿಯುತ್ತವೆ. ಈ ಜೋಮನ್ನು ಟಿಐಎ (ತಾತ್ಕಾಲಿಕ ಪಾರ್ಶ್ವವಾಯು) ಎಂದುಕೊಂಡು ರಕ್ತ ತೆಳುವಾಗಿಸುವ ಔಷಧ ಬರೆದುಬಿಡುವುದೇ ನನಗೆ ಅತಿ ಹೆಚ್ಚು ಭಯ ಹುಟ್ಟಿಸುವ ಸಂಗತಿ. ಅದರಿಂದ ಮುಂದೆ ದೊಡ್ಡ ರಕ್ತಸ್ರಾವವೇ ಆಗಬಹುದು.

ಇಷ್ಟಕ್ಕೇ ಪಟ್ಟಿ ಮುಗಿಯುವುದಿಲ್ಲ. ಫಿಟ್ಸ್ ಬಂದಿದ್ದರೆ, ಮೇಲ್ಮೈಯ ಅಭಿಧಮನಿಯೊಂದು ದಾರದಂತೆ ದಟ್ಟವಾಗಿ ಕಂಡರೆ, ವೆನೋಗ್ರಾಂ (ಅಭಿಧಮನಿಗಳ ಚಿತ್ರ) ಬೇಕೇ ಬೇಕು: ಅಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಆಂಜಿಯೋಗ್ರಾಂನಲ್ಲಿ ಕುತ್ತಿಗೆಯ ಕ್ಯಾರೊಟಿಡ್ ಅಪಧಮನಿಗಳನ್ನೂ ಸೇರಿಸಿ. ಅವು ತೀವ್ರವಾಗಿ ಕಿರಿದಾಗಿದ್ದರೂ ಹೀಗಾಗುತ್ತದೆ. ಜ್ವರವಿದ್ದು, ಹೃದಯದಲ್ಲಿ ಹೊಸ ಮರ್ಮರ (ಅಸಹಜ ಸದ್ದು) ಕೇಳಿಸಿದರೆ ರಕ್ತದ ಕಲ್ಚರ್, ಎಕೋ ಎರಡನ್ನೂ ಮಾಡಿಸಿ. ಹೃದಯದ ಒಳಪದರದ ಸೋಂಕಾದ ಎಂಡೊಕಾರ್ಡೈಟಿಸ್ ಮಿದುಳಿನ ರಕ್ತನಾಳಗಳ ತುದಿಯ ಕವಲುಗಳಲ್ಲಿ ಪುಟ್ಟ ಅನ್ಯೂರಿಸಂಗಳನ್ನೇ ಹುಟ್ಟಿಸುತ್ತದೆ (ಇಲ್ಲವೆಂದು ಕೈಬಿಟ್ಟದ್ದು ಹೀಗೆ ಹಿತ್ತಿಲ ಬಾಗಿಲಿನಿಂದ ಬರುವುದೂ ಉಂಟು), ಸಿಟಿ ಆಂಜಿಯೋಗ್ರಾಂ ಅವನ್ನು ಕಾಣದೆ ಬಿಡಬಹುದು. ಆ ಸಂಶಯವಿದ್ದರೆ ಕ್ಯಾತಿಟರ್ ಹಾಕಿ ಮಾಡುವ ಡಿಎಸ್‌ಎ ಎಂಬ ಆಂಜಿಯೋಗ್ರಾಂ ತನಕ ಹೋಗಿ.