ವೈಮಾರ್‌ನಲ್ಲಿ ಗಯಟೆಯ ಹಸ್ತಪ್ರತಿ ನೋಡಬೇಕೆಂದರೆ

ಜರ್ಮನ್ ಕವಿ ಗಯಟೆಯ ಕೊನೆಯ ಮೊಮ್ಮಗ 1885ರಲ್ಲಿ ತೀರಿಕೊಂಡಾಗ ಅಜ್ಜನ ಕಾಗದಪತ್ರಗಳನ್ನೆಲ್ಲ ವೈಮಾರ್‌ನ ದೊರೆಯ ಹೆಂಡತಿ ಗ್ರ್ಯಾಂಡ್ ಡಚೆಸ್ ಸೋಫಿಯ ಹೆಸರಿಗೆ ಉಯಿಲು ಬರೆದಿಟ್ಟಿದ್ದ. 1889ರಲ್ಲಿ ಕವಿ, ನಾಟಕಕಾರ ಷಿಲ್ಲರ್‌ನ ಮನೆತನದವರೂ ತಮ್ಮಲ್ಲಿದ್ದುದನ್ನು ಒಪ್ಪಿಸಿದರು. ಜರ್ಮನಿಯ ಅತಿ ಹಳೆಯ ಸಾಹಿತ್ಯ ಪತ್ರಾಗಾರವಾದ ಗಯಟೆ-ಷಿಲ್ಲರ್ ಆರ್ಕೈವ್ ಬೆಳೆದದ್ದು ಹೀಗೆ. ಇಲ್ಮ್ ನದಿಯ ದಂಡೆಯಲ್ಲಿರುವ ಅದರ ಕಟ್ಟಡ 1896ರದು.

ಇಲ್ಲಿಗೆ ಬರುವವರು ಎಡವುವುದು ಹೆಚ್ಚಾಗಿ ಕಡತಸಂಖ್ಯೆಯಲ್ಲಿ. ‘ಷಿಲ್ಲರ್‌ನ ಪತ್ರ ಬೇಕು’ ಎಂದರೆ ಸಾಲದು. ಪ್ರತಿ ಸಂಗ್ರಹಕ್ಕೂ ಒಂದು ಅಂಕಿ ಇದೆ: ಗಯಟೆಯ ಕೃತಿಗಳಿಗೆ 25, ಅವನಿಗೆ ಬಂದ ಪತ್ರಗಳಿಗೆ 28, ಷಿಲ್ಲರ್‌ಗೆ 83, ತತ್ತ್ವಜ್ಞಾನಿ ನೀಚೆಗೆ 71, ಸಂಗೀತಗಾರ ಲಿಸ್ಟ್‌ನ ಸಂಗೀತ ಹಸ್ತಪ್ರತಿಗಳಿಗೆ 60. ಆರ್ಕೈವ್‌ನ ಆನ್‌ಲೈನ್ ಸೂಚಿಯಲ್ಲಿ ಹುಡುಕಿ, ಓರೆಗೆರೆಯ (/) ನಂತರದ ಭಾಗವನ್ನೂ ಬಿಡದೆ ಬರೆದುಕೊಳ್ಳಿ. ಎರಡು ಮೂರು ವಾರ ಮೊದಲೇ ಇಮೇಲ್ ಮಾಡಿ. ಏನನ್ನು, ಯಾಕೆ ನೋಡಬೇಕೆಂದು ತಿಳಿಸಿ. ಸ್ಕ್ಯಾನ್ ಇದ್ದರೆ ಮೂಲಪ್ರತಿ ಸುಲಭಕ್ಕೆ ಕೈಗೆ ಸಿಗುವುದಿಲ್ಲ. ಕಾಗದದ ಜಲಚಿಹ್ನೆ (ಬೆಳಕಿಗೆ ಹಿಡಿದರೆ ಕಾಣುವ ಗುರುತು), ಮಸಿಯ ಬಣ್ಣ, ಒತ್ತಿ ಬರೆದ ಗುರುತು, ಇಂಥವನ್ನು ನೋಡಬೇಕಿದ್ದರೆ ಆ ಕಾರಣವನ್ನೇ ಸ್ಪಷ್ಟವಾಗಿ ಬರೆಯಿರಿ.

ಜರ್ಮನ್ ಚೆನ್ನಾಗಿ ಬಂದರೂ ಮೊದಲ ಪುಟದಲ್ಲೇ ಕಣ್ಣು ಕಟ್ಟಿದಂತಾಗಬಹುದು. ಬರಹ ಕುರೆಂಟ್ ಎಂಬ ಹಳೆಯ ಜರ್ಮನ್ ಕೂಡುಬರಹದಲ್ಲಿರುತ್ತದೆ. ಅದರ ‘ಇ’ (e) ಅಕ್ಷರ ಎರಡು ಗಿಡ್ಡ ಗೀಟು, ಥೇಟ್ ‘ಎನ್’. ‘ಯು’ ಕೂಡ ಹಾಗೆಯೇ ಇರುತ್ತದೆ. ತಲೆಯ ಮೇಲಿನ ಪುಟ್ಟ ಕೊಂಕೊಂದೇ ವ್ಯತ್ಯಾಸ. ಉದ್ದನೆಯ ‘ಎಸ್’ ಅನ್ನು ‘ಎಫ್’ ಎಂದು ಓದಿದರೆ ಪದವೇ ಕೆಡುತ್ತದೆ. ಹೊರಡುವ ಮೊದಲು ಹದಿನೈದು ದಿನ ಈ ಅಕ್ಷರಗಳನ್ನು ಕೈಯಾರೆ ತಿದ್ದಿ. ಬರೀ ನೋಡುವುದರಿಂದ ಕೈಗೂಡುವುದಿಲ್ಲ. ಫ್ರೆಂಚ್, ಲ್ಯಾಟಿನ್ ಪದಗಳನ್ನು ಸಾಮಾನ್ಯವಾಗಿ ರೋಮನ್ ಲಿಪಿಯಲ್ಲೇ ಬರೆಯುತ್ತಿದ್ದರು, ಅವನ್ನು ಹಿಡಿದುಕೊಂಡು ಸಾಲು ಬಿಡಿಸಿ.

ಎದುರಿಗಿರುವುದು ಗಯಟೆಯದೇ ಕೈಬರಹ ಎಂದು ತಟ್ಟನೆ ನಂಬಬೇಡಿ. ಅವನು ಬಹಳಷ್ಟನ್ನು ಹೇಳಿ ಬರೆಸಿದವನು. ಮಸಿಯಲ್ಲಿರುವ ಅಚ್ಚುಕಟ್ಟು ಸಾಲುಗಳು ಲಿಪಿಕಾರನವು ಆಗಿರಬಹುದು. ನಡುವೆ ತೂರಿಸಿದ ತಿದ್ದುಪಡಿಯಲ್ಲಿ ಕವಿಯ ಕೈ ಹುಡುಕಿ. ಒಂದು ಪದ ಹೊಡೆದು ಮೇಲೆ ಇನ್ನೊಂದು ಬರೆದಿರುವ ಜಾಗವನ್ನು ಮುದ್ರಿತ ಪಠ್ಯದ ಪಕ್ಕ ಇಟ್ಟು ನೋಡಿ. ಇಷ್ಟು ದೂರ ಬರುವುದು ಅದಕ್ಕಾಗಿಯೇ.

ಓದುಕೋಣೆಗೆ ಪೆನ್ಸಿಲ್ ಮಾತ್ರ. ಕೈ ತೊಳೆದು ಪೂರ್ತಿ ಒಣಗಿಸಿ. ಕೈಗವಸಿನಲ್ಲಿ ಸ್ಪರ್ಶ ಮಂಕಾಗಿ ಹಾಳೆಯ ಅಂಚು ಹರಿಯುವ ಅಪಾಯವೇ ಹೆಚ್ಚು. ಹಾಳೆಗಳ ಕ್ರಮ ತಪ್ಪಿದಂತೆ ಕಂಡರೂ ನೀವು ಸರಿಪಡಿಸಬೇಡಿ, ಸಿಬ್ಬಂದಿಗೆ ಹೇಳಿ.