ಹಳೇ ಕಾರಿನ ಸ್ಟೀರಿಯೋಗೆ ಸಿಡಿ ಚೇಂಜರ್ ಕೂರಿಸೋದು ಹೇಗೆ

ಒಂದು ಆಡಿಯೋ ಸಿಡಿಯಲ್ಲಿ ಹಿಡಿಯೋದು 74 ಇಲ್ಲಾ 80 ನಿಮಿಷ, ತಾಳಮದ್ದಳೆ ಪ್ರಸಂಗ ಒಂದು ಮೂರು ಸಿಡಿ ಉಂಟು ಅಂದ್ರೆ ಕಾಸರಗೋಡಿಂದ ಜಾಲ್ಸೂರು ರೋಡಲ್ಲಿ ಸುಳ್ಯಕ್ಕೆ ಹೋಗುವಾಗ ಆ ತಿರುವುಗಳಲ್ಲಿ ಒಂದು ಕೈಯಲ್ಲಿ ಸಿಡಿ ಬದಲಿಸೋದು ಭಾರೀ ಅಪಾಯ ಮಾರಾಯ್ರೆ. ಡಿಕ್ಕಿಯಲ್ಲಿ 6 ಸಿಡಿಯ ಚೇಂಜರ್, ಅಂದ್ರೆ ಸಿಡಿಗಳನ್ನು ತಾನೇ ಬದಲಿಸೋ ಪೆಟ್ಟಿಗೆ ಇದ್ರೆ ಬಟನ್ ಒತ್ತಿದ್ರೆ ಸಾಕು.

ಕೊಳ್ಳೋ ಮೊದಲು ಡೆಕ್ (ಡ್ಯಾಶ್‌ಬೋರ್ಡಿನ ಸ್ಟೀರಿಯೋ) ಹೊರಗೆ ಎಳೆದು ಹಿಂದೆ ಚೇಂಜರ್ ಸಾಕೆಟ್ ಉಂಟಾ ನೋಡಿ. ಪಯೋನಿಯರ್‌ದು ಐಪಿ-ಬಸ್, ಸೋನಿದು ಯೂನಿಲಿಂಕ್, ಆಲ್ಪೈನ್‌ದು ಎಐ-ನೆಟ್, ಹೀಗೆ ಕಂಪೆನಿಗೊಂದು ಥರದ ಸಾಕೆಟ್, ಒಂದರದ್ದು ಇನ್ನೊಂದಕ್ಕೆ ಆಗೋದಿಲ್ಲ. ನಾನು ಇದು ನೋಡದೆ ಸೆಕೆಂಡ್ ಹ್ಯಾಂಡ್ ಒಂದು ತಂದು ದುಡ್ಡು ಕಳ್ಕೊಂಡೆ, ಕೇಬಲ್ ಮತ್ತು ಮ್ಯಾಗಜೀನ್ (ಸಿಡಿಗಳನ್ನು ಜೋಡಿಸಿ ಒಳಗೆ ತಳ್ಳೋ ಡಬ್ಬಿ) ಜೊತೆಗೇ ಕೇಳಿ ತಗೊಳ್ಳಿ. ಸಾಕೆಟ್ಟೇ ಇಲ್ಲದಿದ್ರೆ ಎಫ್‌ಎಂ ಮಾಡ್ಯುಲೇಟರ್ (ಸಿಡಿಯ ಸೌಂಡನ್ನು ರೇಡಿಯೋ ಮೂಲಕ ಕೇಳಿಸೋ ಸಾಧನ) ಇರೋ ಚೇಂಜರ್ ನೋಡ್ಬೇಕು, ಅದು ಆಂಟೆನಾ ವಯರಿನ ನಡುವೆ ಕೂರ್ತದೆ, ಖಾಲಿ ಇರೋ ಫ್ರೀಕ್ವೆನ್ಸಿಗೆ ಇಡಿ, ಮಂಗಳೂರು ಆಕಾಶವಾಣಿಯ 100.3ರ ಹತ್ತಿರ ಬೇಡ. ಸೌಂಡು ಮಾತ್ರ ನೇರ ಕೇಬಲಿನಷ್ಟು ಚಂದ ಬರೋದಿಲ್ಲ.

ಕೆಲಸಕ್ಕೆ ಮೊದಲು ಬ್ಯಾಟರಿಯ ನೆಗೆಟಿವ್ ಬಿಚ್ಚಿ. ಡೆಕ್ಕಿಗೆ ಕೋಡ್ ಇದ್ರೆ ಮೊದಲೇ ಬರೆದಿಟ್ಕೊಳ್ಳಿ, ಬ್ಯಾಟರಿ ಮತ್ತೆ ಹಾಕಿದಾಗ ಅದು ಕೇಳ್ತದೆ. ಕೇಬಲನ್ನು ಡ್ಯಾಶ್‌ಬೋರ್ಡಿಂದ ಬಾಗಿಲ ಬದಿಯ ಪಟ್ಟಿ ಅಡಿಯಿಂದ ಡಿಕ್ಕಿಗೆ ಎಳೀರಿ, ದಪ್ಪ ಕರೆಂಟ್ ವಯರಿನ ಜೊತೆ ಕಟ್ಟಬೇಡಿ, ಕಟ್ಟಿದ್ರೆ ಎಂಜಿನ್ ರೇಸ್ ಮಾಡಿದಾಗ ಸ್ಪೀಕರಲ್ಲಿ ಕುಂಯ್ ಅಂತ ಕೇಳ್ಬಹುದು. ಕೆಲವು ಮಾಡೆಲಿಗೆ ಕರೆಂಟಿನ ವಯರ್ ಬೇರೆ ಇರ್ತದೆ, ಅದಕ್ಕೆ ಫ್ಯೂಸ್ ಹಾಕಿ, ಅರ್ತ್ ವಯರನ್ನು ಪೇಂಟ್ ಕೆರೆದ ಕಬ್ಬಿಣಕ್ಕೇ ಬೋಲ್ಟ್ ಮಾಡಿ.

ಮುಖ್ಯ ಕೆಲಸ ಇನ್ನು ಉಂಟು. ಚೇಂಜರ್ ಸಾಗಿಸುವಾಗ ಒಳಗಿನ ಮೆಕಾನಿಸಂ ಅಲ್ಲಾಡದ ಹಾಗೆ ಸ್ಕ್ರೂ ಹಾಕಿರ್ತಾರೆ, ಅದನ್ನು ತೆಗೀಲೇಬೇಕು, ತೆಗೀದಿದ್ರೆ ಸಣ್ಣ ಹೊಂಡಕ್ಕೂ ಹಾಡು ಹಾರ್ತದೆ. ಆಮೇಲೆ ಮಲಗಿಸಿ ಇಡ್ತೀರೋ ನಿಲ್ಲಿಸಿ ಇಡ್ತೀರೋ ಅದಕ್ಕೆ ಸರಿಯಾಗಿ ಬದಿಯ ಸ್ಪ್ರಿಂಗ್ ಸೆಟ್ಟಿಂಗ್ ತಿರುಗಿಸಿ, ಎರಡೂ ಬದಿ ಒಂದೇ ಥರ ಇರ್ಬೇಕು. ಸ್ಟೆಪ್ನಿ, ಜ್ಯಾಕ್ ತಾಗದ ಜಾಗದಲ್ಲಿ ಬ್ರಾಕೆಟ್ ಹಾಕಿ ಬಿಗಿ ಮಾಡಿ, ತೂತು ಕೊರೆಯೋ ಮುಂಚೆ ಅಡಿಯಲ್ಲಿ ಪೆಟ್ರೋಲ್ ಟ್ಯಾಂಕ್ ಇಲ್ವಾ ಅಂತ ಕಾರಿನ ಕೆಳಗೆ ಮಲಗಿ ನೋಡಿ, ಇದನ್ನು ಮಾತ್ರ ದಯವಿಟ್ಟು ಬಿಡಬೇಡಿ.

ಸಿಡಿಯ ಲೇಬಲ್ ಮೇಲೆ ಬರ್ಬೇಕಾ ಕೆಳಗಾ ಅಂತ ಮ್ಯಾಗಜೀನಲ್ಲಿ ಗುರುತು ಇರ್ತದೆ, ಕಂಪೆನಿಗೊಂದು ಥರ. ಸ್ಟಿಕ್ಕರ್ ಅಂಟಿಸಿದ ಸಿಡಿ ಹಾಕ್ಬೇಡಿ, ಒಳಗೆ ಸಿಕ್ಕಿ ಬೀಳ್ತದೆ. ಮಳೆಗಾಲದಲ್ಲಿ ಲೆನ್ಸಿಗೆ ಮಂಜು ಕೂತು ಓದದಿದ್ರೆ ಹಾಳಾಯ್ತು ಅಂತ ಬಿಚ್ಚಬೇಡಿ, ಮ್ಯಾಗಜೀನ್ ಹೊರಗೆ ತೆಗೆದಿಟ್ಟು ಒಂದು ಗಂಟೆ ಬಿಟ್ಟು ಮತ್ತೆ ಹಾಕಿ ನೋಡಿ.